ತಾನಾಗಿ ಬೀಳಬೇಕಿದ್ದ ಕೊಟ್ಟಿಗೆ

ಹಲೋ… ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಕಾರಿನ ಸದ್ದು ಬರ್ತಿದೆ…

ಹಾಂ, ನೊಯೆಮಿನಾ! ನಾನು ಆರ್ಲಿಸ್ ಕಣಮ್ಮ, ಹೊಲದ ಮನೆಯಿಂದ. ಬೆಳಿಗ್ಗೆಯಿಂದ ಮೂರು ಸಲ ನಿಂಗೆ ಫೋನ್ ಮಾಡಿದೆ. ಎಲ್ಲಿದ್ದೀಯಾ?…

ಇನ್ನೂ ಅರ್ಧ ಗಂಟೆ ದಾರಿನಾ? ಗೆಳತಿ ಓಡಿಸ್ತಿದ್ದಾಳಲ್ವಾ, ನೀನಲ್ಲ ತಾನೇ? ಹಂಗಾದ್ರೆ ಹೇಳ್ತೀನಿ…

ಕೊಟ್ಟಿಗೆನಾ? ಇದೆ…

ಇದೆ ಅಂದ್ರೆ… ನಿಂತಿದೆ…

ಒಂದು ಮೂಲೆಯಲ್ಲ ಕಣೆ, ಪೂರ್ತಿ. ನಿಜ ಹೇಳ್ಬೇಕು ಅಂದ್ರೆ ನೀನು ನಮ್ಮ ಹೊಲದಲ್ಲಿ ಕಟ್ಟಿ ಹೋದಾಗ ಇದ್ದುದಕ್ಕಿಂತ ನೆಟ್ಟಗಿದೆ…

ಅಳಬೇಡ್ವೇ. ನಂಗೆ ಗೊತ್ತಿಲ್ವಾ? ಇವತ್ತು ಎರಡು ಗಂಟೆಗೆ ನಿನ್ನ ಪರೀಕ್ಷಕರು ಬರ್ತಾರೆ, ಇದು ಬಿದ್ದಿದ್ರೆ ನಿಂಗೆ ಕಲೆಯ ಪದವಿ, ನಿಂತಿದ್ರೆ ಇಲ್ಲ. ಕಂಪನಿಯೋರು ನುಂಗಿದ ಹದಿನೇಳು ಹೊಲಗಳಿಂದ ನೀನೇ ಹಳೇ ಹಲಗೆ ತಂದೆ, ಮೊಳೆ ಅರ್ಧರ್ಧ ಹೊಡೆದೆ. ಚಳಿಗಾಲ ಮುಗಿಯೋದ್ರೊಳಗೆ ಈ ಹಳ್ಳಿಗಳ ಹಾಗೇ ಇದೂ ಬಿದ್ದು ಹೋಗುತ್ತೆ ಅಂದೆ. ನೀನು ಬಂದು ನೋಡಿದ್ರೆ ಅದೂ ಕೈ ಹಾಕಿದ ಹಾಗೆ ಅಂತ ಐದು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಬಂದಿದ್ರೆ ಒಳ್ಳೇದಿತ್ತು…

ಯಾರು ಅಂತ ಮಾತ್ರ ಕೇಳಬೇಡ…

ಕೇಳಲೇಬೇಕಾ? ಗೇಲಾರ್ಡ್. ನಮ್ಮ ಯಜಮಾನ್ರೇ. ಎರಡು ತಿಂಗಳು ಅಡುಗೆಮನೆ ಕಿಟಕಿಯಿಂದ ಆ ವಾಲಿದ ಗೋಡೆ ನೋಡ್ತಾ ಕಾಫಿ ಕುಡಿದ್ರು. ಮೂರನೇ ತಿಂಗಳು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ್ರು. 'ಒಂದು ಮರದ ತುಂಡು ಆನಿಸಿ ಬಂದೆ, ಅಷ್ಟೇ' ಅಂದ್ರು. ಅಷ್ಟೇ ಎಲ್ಲಿ ಬಂತು…

ಹೌದು, ನೀನು ಬೋರ್ಡ್ ಹಾಕಿದ್ದೆ. 'ದಯವಿಟ್ಟು ಯಾರೂ ಸಹಾಯ ಮಾಡಬೇಡಿ.' ಎಡವಟ್ಟಾಗಿದ್ದೇ ಅಲ್ಲಿ. ನಮ್ಮ ಕಡೆ ಹಾಗಂದ್ರೆ ಯಾರು ಸುಮ್ನಿರ್ತಾರೆ ಹೇಳು? ಪಕ್ಕದ ಹೊಲದ ಎಲ್ವಿರಾ ಸೊಂಟ ಮುರ್ಕೊಂಡಾಗಲೂ 'ಬೇಡ ಬೇಡ, ನಾನು ಚೆನ್ನಾಗೇ ಇದ್ದೀನಿ' ಅಂದ್ಳು. ಬಿಟ್ವಾ? ಮೂರು ಸಲ ಬೇಡ ಅನ್ನಿಸ್ಕೊಂಡು ನಾಲ್ಕನೇ ಸಲಕ್ಕೆ ಅವಳ ದನದ ಮನೆ ಗುಡಿಸಿ ಬಂದ್ವಿ. ನೀನು ನೋಡಿದ್ರೆ ಬೋರ್ಡು ಮೂರು ಕಡೆ ನೆಟ್ಟಿದ್ದೀಯ! 'ಪಾಪ, ಎಷ್ಟು ಸಂಕೋಚದ ಹುಡುಗಿ' ಅಂದ್ರು ಚರ್ಚಿನೋರು…

ಹಾಂ, ಅವರೂ ಬಂದ್ರು. ಶನಿವಾರ. ಮೂವತ್ತೊಂದು ಜನ. ಸುತ್ತಿಗೆ ಅವರವರೇ ತಂದಿದ್ರು…

ನಾನಾ? ನಾನು ಒಂದು ಮೊಳೆ ಮುಟ್ಟಿಲ್ಲ…

ಊಟ ಹಾಕಿದೆ. ಆಲೂಗಡ್ಡೆ, ಕೊಚ್ಚಿದ ಮಾಂಸ ಹಾಕಿ ದೊಡ್ಡ ದೊಡ್ಡ ಪಾತ್ರೆಯಲ್ಲಿ ಬೇಯಿಸಿಟ್ಟೆ. ಕೆಲಸಕ್ಕೆ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸೋಕಾಗುತ್ತಾ? ಕಟ್ಟಡ ಪರೀಕ್ಷೆ ಮಾಡೋಕೆ ಬಂದ ಕೌಂಟಿ ಸರ್ಕಾರಿ ಕಚೇರಿಯೋನೂ ತಿಂದ. ತಿಂದು, ಸುತ್ತ ಒಂದು ಸಲ ನೋಡಿ, ಇನ್ನು ನಲವತ್ತು ವರ್ಷಕ್ಕೆ ಮೋಸವಿಲ್ಲ ಅಂತ ಚೀಟಿ ಅಂಟಿಸಿ ಹೋದ…

ಈಗ ತಳ್ಳೋದಾ? ಆಗಲ್ಲ ಕಣೆ. ಗಾಳಿ, ಹಿಮ ಬಿಟ್ರೆ ಯಾರೂ ಬೀಳಿಸಬಾರದು ಅಂತ ನೀನೇ ಬರೆದುಕೊಟ್ಟಿದ್ದೀಯಂತೆ. ದಿನಕ್ಕೊಂದು ಚಿತ್ರ ಹಿಡಿಯೋ ಆ ಕ್ಯಾಮೆರಾ ಬೇರೆ ಕಂಬದ ಮೇಲಿದೆ. ತಪ್ಪಾಯ್ತು ಅಂತ ಈಗ ಎಲ್ರಿಗೂ ಗೊತ್ತಾಗಿದೆ. ಬೆಳಿಗ್ಗೆಯಿಂದ ಹನ್ನೊಂದು ಜನ ಗಂಡಸ್ರು ಟೋಪಿ ಕೈಲಿ ಹಿಡ್ಕೊಂಡು, ಸಾವಿನ ಮನೆ ಮುಂದೆ ನಿಂತ ಹಾಗೆ, ಗಾಳಿಗೆ ಕಾಯ್ತಾ ನಿಂತಿದ್ದಾರೆ. ಒಬ್ಬ ಉಫ್ ಅಂತ ಊದಿ ನೋಡಿದ. ಅದೂ ಮೋಸ ಅಂತ ಗೇಲಾರ್ಡ್ ಬೈದ್ರು…

ಅಯ್ಯೋ, ತಡಿ. ಕಾರು ಬಂತು. ಮೂರು ಜನ ಇಳೀತಿದ್ದಾರೆ. ಎರಡು ಗಂಟೆ ಅಂದಿದ್ರಲ್ವಾ? ಬಿಳಿ ಕೂದಲು, ಕರಿ ಕೋಟಿನ ಹೆಂಗಸು ಯಾರು?…

ಅವಳೇನಾ ಪ್ರೊಫೆಸರ್ ವಾಂಡರ್‌ಸ್ಲೂಟ್? ಉಳಿಯೋ ಕಲೆಯೆಲ್ಲ ಉಳ್ಳವರ ಕಲೆ ಅನ್ನೋಳು? ಕೆಟ್ವಿ. ಇರು, ಕಿಟಕಿ ತೆಗೀತೀನಿ, ಫೋನಿನ ವೈರು ಅಲ್ಲೀವರೆಗೆ ಬರುತ್ತೆ…

ಗೋಡೆ ತಟ್ಟಿದ್ಲು. ಚೀಟಿ ಓದಿದ್ಲು. ಈಗ ಗೇಲಾರ್ಡ್‌ನ ಕೇಳ್ತಿದ್ದಾಳೆ, 'ಯಾಕೆ ನಿಲ್ಲಿಸಿದ್ರಿ?' 'ವಾಲಿತ್ತು' ಅಂದ್ರು. ಅದನ್ನ ಬರ್ಕೊಂಡ್ಲು…

'ಇದು ಬೀಳಲಿ ಅಂತ ಕಲಾವಿದೆ ಬಯಸಿದ್ದು ಗೊತ್ತಿತ್ತಾ?' ಅಂತೆ. 'ಗೊತ್ತಿತ್ತು, ಹುಡುಗಿಗಿನ್ನೂ ಚಿಕ್ಕ ವಯಸ್ಸು' ಅಂದ್ರು. ಅದನ್ನೂ ಬರ್ಕೊಂಡ್ಲು…

'ಹಾಗಾದ್ರೆ ನಿಮ್ಮದು ಪ್ರತಿರೋಧವಾ?' ಅಂತೆ. 'ಇಲ್ಲ, ಬಿಡುವಿತ್ತು' ಅಂದ್ರು…

ನೀನು ನಗ್ತಿದ್ದೀಯಾ, ಅಳ್ತಿದ್ದೀಯಾ? ನಗೋ ವಿಷಯ ಅಲ್ಲ ಇದು. ಮೂವರೂ ಹುಲ್ಲಿನ ಪಿಂಡಿ ಮೇಲೆ ಕೂತು ಇವರನ್ನ ಎದುರಿಗೆ ನಿಲ್ಲಿಸ್ಕೊಂಡಿದ್ದಾರೆ. ಮೂರು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ನೇರವಾಗಿ ಉತ್ತರ ಕೊಟ್ಟಿರಲಿಲ್ಲ ಅಂತಿದ್ದಾಳೆ. ಕೈ ಬೇರೆ ಕುಲುಕಿದ್ಲು! ನಿನ್ನ ಪದವಿ ನಮ್ಮ ಯಜಮಾನ್ರಿಗೆ ಕೊಡೋ ಹಾಗಿದ್ದಾರೆ ಕಣೆ, ಆಮೇಲೆ ಮನೇಲಿ ಇವರನ್ನ ಹಿಡಿಯೋರು ಯಾರು?…

ಕೂಗ್ಲಾ? ಕೂಗ್ತೀನಿ ಇರು. ಪ್ರೊಫೆಸರಮ್ಮಾ! ಹುಡುಗಿ ಫೋನಲ್ಲಿದ್ದಾಳೆ! ಕೇಳೋದೇನಿದ್ರೂ ಅವಳನ್ನ ಕೇಳಿ! ಅವರಿಗೆ ಬಿತ್ತನೆ ಬಿಟ್ಟು ಬೇರೇನೂ ಗೊತ್ತಿಲ್ಲ!…

ಕೇಳಿಸ್ತು, ಕೇಳಿಸ್ತು. ಇತ್ಲಾಗೇ ಬರ್ತಿದ್ದಾಳೆ… ನೊಯೆಮಿ, ಒಂದೇ ಪ್ರಶ್ನೆಯಂತೆ. ಉತ್ತರ ಒಪ್ಪಿಗೆಯಾದ್ರೆ ಇಲ್ಲೇ ಸಹಿ ಅಂತೆ. ಕಿವಿಗೊಟ್ಟು ಕೇಳು. 'ಇದು ನಾಳೆ ಬಿದ್ದು ಹೋದ್ರೆ ಏನು ಮಾಡ್ತೀಯಾ?'…

ಏನಂದೆ? ಏನೂ ಕೇಳಿಸ್ತಿಲ್ಲ. ಹೊಳೆ ತಗ್ಗಿಗೆ ಇಳಿದ್ರಾ ಹೇಗೆ? ಅಲ್ಲಿ ಸಿಗ್ನಲ್ಲೇ ಸಿಗಲ್ಲ…

ನೊಯೆಮಿ?… ಹಲೋ?…

ಹಾಂ ಪ್ರೊಫೆಸರಮ್ಮ, ಹೇಳಿದ್ಲು, ಈಗ ತಾನೇ ಹೇಳಿದ್ಲು! ಹಲಗೆ ಆರಿಸೋಕೆ ಬರ್ತಾಳಂತೆ! ಇನ್ನೊಂದು ಸಲ ಕಟ್ತಾಳಂತೆ, ಮೊಳೆ ಅರ್ಧರ್ಧನೇ ಹೊಡೀತಾಳಂತೆ! ನಾವ್ಯಾರೂ ಆ ಕಡೆ ಸುಳೀಬಾರದಂತೆ!…

ಹಲೋ? ನೊಯೆಮಿ, ಮೆತ್ತಗೆ ಹೇಳ್ತೀನಿ, ನಿನ್ನ ಉತ್ತರ ನಾನೇ ಕೊಟ್ಬಿಟ್ಟೆ, ಬೈಬೇಡ ಕಣೆ… ಪ್ರೊಫೆಸರಮ್ಮ ಪೆನ್ನು ತೆಗೆದ್ಲು…