ಕುದಿಸಿ ಕೊಟ್ಟ ನೀರು

ಮಹಾಜನರೇ, ಈ ಸಂಜೆಯ ಪ್ರವಚನಕ್ಕೆ ನಾವು ಬಹಳ ಗಂಭೀರವಾದ ವಿಷಯವೊಂದನ್ನು ಎತ್ತಿಕೊಳ್ಳುತ್ತಿದ್ದೇವೆ. ಆತ್ಮವಲ್ಲ, ಪರಮಾತ್ಮನೂ ಅಲ್ಲ. ಪರೀಕ್ಷೆಗೆ ಕೊಡುವ ನೀರನ್ನು ಬಾಟಲಿಗೆ ತುಂಬುವುದು ಹೇಗೆ ಎಂಬುದು. ನಗಬೇಡಿ. ಇಷ್ಟು ತಿಳಿಯದೆ ಒಬ್ಬನ ಸಂಸಾರವೇ ನಿಂತುಹೋಗಿತ್ತು.

ಒಂದು ಊರು, ಅಲ್ಲೊಬ್ಬ ಹಣವಂತ. ಹಿತ್ತಲಲ್ಲಿ ಬಾವಿ. ಅಡುಗೆಮನೆಯಲ್ಲಿ ನೀರಿನ ಸೂಕ್ಷ್ಮಜೀವಿಗಳನ್ನು ಕೊಲ್ಲುವ ನೇರಳೆ ದೀಪದ ಯಂತ್ರ, ಮದುವೆಯಾದ ಹೊಸದರಲ್ಲಿ ಇಡಿಸಿದ್ದು. ಆದರೂ ಮಗುವಿಗೆ ಮೇಲಿಂದ ಮೇಲೆ ವಾಂತಿಭೇದಿ. ಹೆಂಡತಿ ಮಗುವನ್ನೆತ್ತಿಕೊಂಡು ತವರಿಗೆ ಹೋದಳು.

"ದೀಪ ಉರೀತಾನೇ ಇದೆಯಲ್ಲೇ, ಬಾರೇ" ಎಂದು ಫೋನಿನಲ್ಲಿ ಗೋಗರೆದ.

"ಉರಿಯೋದು ನಂಗೂ ಕಾಣುತ್ತೆ ರೀ. ಕೊಲ್ಲುತ್ತಾ ಅಂತ ಪರೀಕ್ಷೆ ಮಾಡ್ಸಿ. ಆಮೇಲೆ ಬರ್ತೀವಿ."

ಆ 'ಬರ್ತೀವಿ' ಎಂಬ ಒಂದೇ ಮಾತನ್ನು ಹಿಡಿದು ಅವನು ದಿನ ದೂಡಿದ. ಬೆಳಗ್ಗೆ ಎದ್ದು ಮಗುವಿನ ಪುಟ್ಟ ಲೋಟಕ್ಕೆ ನೀರು ಹಿಡಿಯುವುದು, ಸಂಜೆ ಅದನ್ನು ಗಿಡಕ್ಕೆ ಚೆಲ್ಲುವುದು. ಕುಡಿಯುವ ಬಾಯಿಯಿಲ್ಲದ ನೀರನ್ನು ಎಂದಾದರೂ ಹಿಡಿದಿಟ್ಟಿದ್ದೀರಾ? ಅದರ ಭಾರವೇ ಬೇರೆ.

ಪರೀಕ್ಷಾಲಯದ ಹೆಂಗಸು ಎರಡು ಬಾಟಲಿ ಕೊಟ್ಟಳು. "ಒಂದಕ್ಕೆ ಯಂತ್ರಕ್ಕೆ ಹೋಗೋ ಬಾವಿ ನೀರು, ಇನ್ನೊಂದಕ್ಕೆ ಯಂತ್ರದಿಂದ ಬರೋ ನೀರು. ಕ್ರಿಮಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟುಳೀತು, ಅದೇ ಲೆಕ್ಕ."

ಮನೆಗೆ ಬಂದು ಬಾವಿಗೆ ಬಗ್ಗಿ ನೋಡಿದ. ನಮ್ಮ ಮನೆಯ ಹೊಲಸನ್ನು ಯಾರೋ ಕೂತು ಎಣಿಸುವುದೇ? ಮಾನ ಬೇಡವೇ? ನೀರು ಸೇದಿದ, ಕುದಿಸಿದ, ಆರಿಸಿದ. ಅದನ್ನೇ ಒಂದು ಬಾಟಲಿಗೆ ತುಂಬಿದ. ಅದನ್ನೇ ಯಂತ್ರಕ್ಕೆ ಹಾಯಿಸಿ ಇನ್ನೊಂದಕ್ಕೂ ತುಂಬಿದ. ನೋಡಿ, ಎಂಥ ಶ್ರದ್ಧೆ!

"ಹೋಗೋ ನೀರಲ್ಲೂ ಏನಿಲ್ಲ, ಬರೋ ನೀರಲ್ಲೂ ಏನಿಲ್ಲ" ಎಂದಳು ಆಕೆ.

ಇವನು ಹಿಗ್ಗಿದ. "ಹಾಗಾದ್ರೆ ಪಾಸಾ, ಮೇಡಂ?"

"ಎಂಥ ಪಾಸು ಯಜಮಾನ್ರೇ? ಇಲ್ಲದೇ ಇರೋದನ್ನ ಯಂತ್ರ ಎಲ್ಲಿಂದ ತೆಗೀಬೇಕು? ಅದು ಕೆಲಸ ಮಾಡುತ್ತೋ ಇಲ್ವೋ, ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಕಾಯಿಸಿ ತಂದ್ರಾ?"

ಅವನು ಮತ್ತೆರಡು ಬಾಟಲಿ ಕೇಳಿ ಪಡೆದು ಮನೆಗೆ ಹೊರಟ. ಹೆಂಡತಿಗೆ ಹೇಳಿ ಕಳಿಸಲು ಅವನ ಬಳಿ ಏನೂ ಇರಲಿಲ್ಲ.

ಈಗ ಹೇಳಿ, ನಾವು ಇಲ್ಲಿಗೆ ಎಂಥ ಮನಸ್ಸನ್ನು ತರುತ್ತೇವೆ? ಸ್ನಾನ ಮಾಡಿಸಿ, ಇಸ್ತ್ರಿ ಹಾಕಿ, ಕುದಿಸಿ ಆರಿಸಿದ ಮನಸ್ಸು. ಬಂದು ಕೂರುತ್ತೇವೆ, ತಲೆದೂಗುತ್ತೇವೆ, ಏಳುತ್ತೇವೆ. ಬಂದಾಗಲೂ ಶುದ್ಧ, ಹೋಗುವಾಗಲೂ ಶುದ್ಧ! ಹಾಗಾದರೆ ಇಷ್ಟು ವರ್ಷದ ಪ್ರವಚನ ತೆಗೆದದ್ದೇನು? ನನ್ನನ್ನು ಕೇಳಬೇಡಿ, ನನಗೆ ನೀವು ಕೊಡುವುದು ಕುದಿಸಿದ ನೀರೇ. ನಿಮ್ಮ ಬಾವಿಯನ್ನು ಕಂಡವರು ಮನೆಯಲ್ಲಿದ್ದಾರೆ. ನಾಳೆ ಬೆಳಗ್ಗೆ ತಿಂಡಿಗೆ ಕೂತಾಗ ಅವರನ್ನೇ ಕೇಳಿ: ಹೋದ ವರ್ಷ ನನ್ನ ಸಿಟ್ಟು ಎಷ್ಟಿತ್ತು, ಈಗ ಎಷ್ಟುಳಿದಿದೆ? ಉತ್ತರ ಬರುವಾಗ ನಡುವೆ ಬಾಯಿ ಹಾಕಬೇಡಿ. ಅಷ್ಟು ಮಾಡಿದರೆ ಸಾಕು.

ಆ ಹಣವಂತನ ಕಥೆಯೇ? ಮರುದಿನ ಬಾವಿ ನೀರನ್ನು ಇದ್ದ ಹಾಗೇ ಒಂದು ಬಾಟಲಿಗೆ, ಯಂತ್ರಕ್ಕೆ ಹಾಯಿಸಿ ಇನ್ನೊಂದಕ್ಕೆ ತುಂಬಿ ಒಯ್ದು ಕೊಟ್ಟ. ಒಳಗೆ ಹೋದದ್ದರಲ್ಲಿ ಬಹುಪಾಲು ಜೀವಂತವಾಗಿಯೇ ಹೊರಗೆ ಬಂದಿತ್ತು. ಹಳೆಯದಾದ ದೀಪ ಉರಿಯುತ್ತಿತ್ತು, ಕೊಲ್ಲುತ್ತಿರಲಿಲ್ಲ. ಹೊಸ ದೀಪ ಹಾಕಿಸಿದ, ಮತ್ತೆ ಪರೀಕ್ಷೆ ಮಾಡಿಸಿದ, ಫಲಿತಾಂಶವನ್ನು ತವರಿಗೆ ತಿಳಿಸಿದ. ಮೊದಲು ಕೆಲವು ದಿನ ತಾನು ಕುಡಿದು ನೋಡುತ್ತೇನೆಂದು ಹೆಂಡತಿ ಬಂದಳು. ಮಗುವನ್ನು ತವರಲ್ಲೇ ಬಿಟ್ಟು ಬಂದಳು.