ಕಂಪ್ಯೂಟರಿಗೆ ಹೊದಿಸಿದ ಶಾಲು

ಶರಣರೇ, ಒಂದೂರಲ್ಲಿ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ ಇತ್ತು. ಅಲ್ಲೊಬ್ಬ ಕಂಪೌಂಡರ್, ಗುರುಲಿಂಗಪ್ಪ ಅಂತ. ಆ ಕಾಲ ನಿಮಗೆ ನೆನಪಿದೆಯೇ? ಮನೆಯಿಂದ ಖಾಲಿ ಬಾಟಲಿ ತೊಳೆದುಕೊಂಡು ಹೋಗಬೇಕು. ಅವನು ಗುಲಾಬಿ ಬಣ್ಣದ ಔಷಧಿ ತುಂಬಿ, ಅಳತೆಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದ. ಎಂಥ ಸವಿಗಾಲ ಅದು! ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ದಪ್ಪ ರಿಜಿಸ್ಟರಿನಲ್ಲಿ ಕೆಂಪು ಮಸಿಯಿಂದ ಬರೆದಿಡುತ್ತಿದ್ದ.

ಆಮೇಲೆ ಕಂಪ್ಯೂಟರ್ ಬಂತು. ಜಿಲ್ಲಾ ಆಸ್ಪತ್ರೆಗೂ ಬಂತು, ಇಲ್ಲಿಗೂ ಬಂತು; ಇಲ್ಲಿ ಏರಿಸಿದ್ದು ಅಲ್ಲೂ ಕಾಣುತ್ತದೆ. ಅಲ್ಲಿ ಅದು ಕೆಲಸಕ್ಕೆ ನಿಂತಿತು. ಇಲ್ಲಿ? ನೋಡಿ, ನಮ್ಮ ಗುರುಲಿಂಗಪ್ಪ ಅದಕ್ಕೆ ವಿಭೂತಿ ಹಚ್ಚಿದ. ಊರವರು ಸನ್ಮಾನದಲ್ಲಿ ತನಗೆ ಹೊದಿಸಿದ್ದ ಶಾಲನ್ನೇ ಅದಕ್ಕೆ ಹೊದಿಸಿದ. ಪ್ರತಿ ಆಯುಧಪೂಜೆಗೂ ಕಾಯಿ ಒಡೆದ. ಗುಂಡಿ ಮಾತ್ರ ಒತ್ತಲಿಲ್ಲ!

“ಅಣ್ಣಾರ, ರಿಜಿಸ್ಟರ್ ಕೊಡ್ರಿ, ಇದರಾಗ ಏರಸ್ತೀನಿ” ಎಂದು ನರ್ಸ್ ಕೇಳಿದರೆ, “ಎಲ್ಲಾ ನನ್ನ ತಲ್ಯಾಗ ಐತಿ ತಂಗಿ, ಸುಮ್ನಿರು” ಎನ್ನುತ್ತಿದ್ದ.

ಒಂದು ದಿನ ಅವನು ಪಕ್ಕದೂರಿನ ಮದುವೆಗೆ ಹೋಗಿದ್ದ. ಇತ್ತ ಅವನ ಒಡಹುಟ್ಟಿದ ಅಕ್ಕ ದ್ಯಾಮವ್ವ ಜ್ವರ ನೆತ್ತಿಗೇರಿ ಎಚ್ಚರ ತಪ್ಪಿದಳು. ಅವಳನ್ನು ಜಿಲ್ಲಾ ಆಸ್ಪತ್ರೆಗೆ ಒಯ್ದರು. ಸುದ್ದಿ ಕೇಳಿ ಗುರುಲಿಂಗಪ್ಪ ಮದುವೆ ಬಿಟ್ಟು ಊರಿಗೆ ಓಡಿ ಬಂದು ರಿಜಿಸ್ಟರ್ ಎತ್ತಿಕೊಂಡ. ಒಂದು ಇಂಜೆಕ್ಷನ್ ಅವಳಿಗೆ ವಿಷ. ಹರೆಯದಲ್ಲೇ ಅದರಿಂದ ಸಾವಿನ ಬಾಗಿಲು ತಟ್ಟಿ ಬಂದವಳು. ಆ ಮಾತು ಕೆಂಪು ಮಸಿಯಲ್ಲಿದೆ, ಇವನ ತಲೆಯಲ್ಲಿದೆ, ಅಲ್ಲಿನ ಕಂಪ್ಯೂಟರಿನಲ್ಲಿಲ್ಲ. ಫೋನ್ ಹತ್ತಲಿಲ್ಲ. ಕಂಕುಳಲ್ಲಿ ರಿಜಿಸ್ಟರ್, ಬಾಯಲ್ಲಿ ಶಿವಶಿವಾ, ಸಿಕ್ಕ ಬಸ್ಸು ಹತ್ತಿದ.

ಒಳಗೆ ಹೋದಾಗ ವೈದ್ಯೆಯ ಕೈಯಲ್ಲಿ ಸೂಜಿ ಸಿದ್ಧವಾಗಿತ್ತು.

“ತಡೀರಿ ಡಾಕ್ಟ್ರ! ಅದು ನಮ್ಮಕ್ಕಗ ಒಗ್ಗೂದಿಲ್ಲ!”

ವೈದ್ಯೆ ಕೆಂಪು ಸಾಲನ್ನು ಓದಿ, ಸೂಜಿಯನ್ನು ಮೆಲ್ಲಗೆ ಕೆಳಗಿಟ್ಟು ಬೇರೆ ಔಷಧಿ ಕೊಟ್ಟರು. “ಎಷ್ಟು ಚಂದ ಬರದೀರಿ, ಅಜ್ಜಾರ. ನಮಗ್ಯಾಕ ಇಷ್ಟು ದಿನ ತೋರಿಸ್ಲಿಲ್ಲ?”

ಗುರುಲಿಂಗಪ್ಪ ರಿಜಿಸ್ಟರನ್ನು ವೈದ್ಯೆಯ ಕೈಯಲ್ಲೇ ಬಿಟ್ಟು ಅಕ್ಕನ ಪಕ್ಕ ಕುಳಿತ. ಅವನು ಅತ್ತ. ಮರುದಿನ ಶಾಲು ತೆಗೆದು ನರ್ಸಿನ ಪಕ್ಕ ಕುಳಿತ. ಒಂದೇ ಬೆರಳಿನಿಂದ ಒತ್ತೊತ್ತಿ ಬರೆದ ಮೊದಲ ಹೆಸರು ದ್ಯಾಮವ್ವ.

ಬಸ್ಸು ಐದು ನಿಮಿಷ ತಡವಾಗಿದ್ದರೆ? ನೀವೇ ಹೇಳಿ.

ಹಳೆಯದನ್ನು ಮರೆಯಿರಿ ಎನ್ನುತ್ತಿಲ್ಲ. ಆ ಗುಲಾಬಿ ಔಷಧಿಯ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ. ಆದರೆ ನಾಳೆ ಬೆಳಗ್ಗೆ ನಿಮ್ಮೂರ ಆಸ್ಪತ್ರೆಗೆ ಹೋಗಿ, ನಿಮಗೆ ಒಗ್ಗದ ಔಷಧಿಯ ಹೆಸರು ಹೇಳಿ ಬರೆಸಿ. ಬಲ್ಲವರು ಬಾರದವರ ಪಕ್ಕ ಕುಳಿತು ಕಲಿಸಿ, ಬಾರದವರು ನಾಚದೆ ಕೇಳಿ. ಮನೆಯಲ್ಲಿ ನೀವು ಶಾಲು ಹೊದಿಸಿಟ್ಟದ್ದು ಏನಿದೆಯೋ, ಅದನ್ನೂ ಇವತ್ತೇ ತೆಗೆಯಿರಿ. ಪೂಜೆ ಮಾಡಿದ್ದು ಸಾಕು, ಇನ್ನು ಗುಂಡಿ ಒತ್ತಿ.