ಜಾವಾದಲ್ಲಿ ಉಳಿದ ತುಂಡು

ಇದು ಮುಳ್ಳೇರಿಯದ ಲ್ಯಾರಿಗೆ ಆದದ್ದು. ಕಟ್ಟಿ ಹೇಳುವುದಲ್ಲ.

ಆ ರಾತ್ರಿ ಅವನು ಜಾವಾ ಬೈಕನ್ನು ತಳ್ಳಿಕೊಂಡು ಮನೆಗೆ ಬರುತ್ತಿದ್ದ. ಓಡಿಸಿ ನೋಡಲೆಂದು ತೆಗೆದುಕೊಂಡು ಹೋದದ್ದು. ಬಾವಿಯ ತಿರುವಿಗಿಂತ ಸ್ವಲ್ಪ ಮೊದಲು ಇಂಜಿನ್ ನಿಂತಿತು. ಕಿಕ್ಕರ್ ಒದ್ದು ಒದ್ದು ಮೊಣಕಾಲು ಸೋತಿತ್ತು. ವಯಸ್ಸು ಅರುವತ್ತರ ಹತ್ತಿರ. ಹಗಲಿಡೀ ಗ್ಯಾರೇಜಿನಲ್ಲಿ ಬಗ್ಗಿದ ಬೆನ್ನು. ಹೋಗಿ ಬಿದ್ದುಕೊಂಡರೆ ಸಾಕು ಎಂಬುದೊಂದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ರಸ್ತೆಯ ಬದಿಯಲ್ಲಿ ಮುರಕಲ್ಲಿನ ಹಳೆ ಬಾವಿ. ಪಂಚಾಯತಿನವರು ಬಾಯಿಗೆ ಕಬ್ಬಿಣದ ಬಲೆ ಹಾಕಿ ಎಷ್ಟೋ ವರ್ಷ. ಈಗ ಯಾರೂ ನೀರೆಳೆಯುವುದಿಲ್ಲ. ಕಟ್ಟೆ ಮಾತ್ರ ಹಾಗೆಯೇ ಉಂಟು, ಕೂತುಕೊಳ್ಳುವಷ್ಟು ಅಗಲ.

ಬಾವಿ ದಾಟಿದ್ದೇ... ಬೈಕ್ ಭಾರವಾಯಿತು.

ಅಲ್ಲಿ ಏರು ಇಲ್ಲ. ಬ್ರೇಕ್ ಹಿಡಿದಿರಬೇಕೆಂದು ಲ್ಯಾರಿ ನಿಂತ. ಬಗ್ಗಿ ನೋಡಿದ. ಹಿಡಿದಿಲ್ಲ. ಹಿಂದಿನ ಸ್ಪ್ರಿಂಗುಗಳು ಕೆಳಗೆ ಕೂತಿದ್ದವು. ಆಳು ಕೂತಾಗ ಕೂರುವಷ್ಟು.

ಮತ್ತೆ ತಳ್ಳಿದ. ಬೈಕ್ ಎಡಕ್ಕೆ ವಾಲುತ್ತಿತ್ತು. ಆಗ ಕೇಳಿಸಿತು.

ಸರಕ್... ಟಣ್.

ಮೊದಲು ಬಟ್ಟೆ ಉಜ್ಜಿದ ಶಬ್ದ. ಆಮೇಲೆ ಪೊಳ್ಳು ಕೊಳವೆಗೆ ಏನೋ ಗಟ್ಟಿಯಾದದ್ದು ಬಡಿದ ಶಬ್ದ. ಎಡಗಡೆಯ ಸೈಲೆನ್ಸರಿನಿಂದ.

ನಿಂತರೆ ಇಲ್ಲ. ತಳ್ಳಿದರೆ... ಸರಕ್... ಟಣ್.

ಹಾಗೆಯೇ ಸ್ವಲ್ಪ ದೂರ. ಹಳ್ಳ ದಾಟುವ ಸಂಕಕ್ಕೆ ಇನ್ನೂ ಸ್ವಲ್ಪ ಇರುವಾಗ ಬೆನ್ನ ಹಿಂದೆ ಧೊಪ್ಪೆಂದಿತು. ಚರಂಡಿಯ ತರಗೆಲೆಯ ಮೇಲೆ ಯಾರೋ ಬಿದ್ದ ಹಾಗೆ. ಬೈಕ್ ಒಮ್ಮೆಗೇ ಹಗುರವಾಯಿತು. ಸ್ಪ್ರಿಂಗು ಮೇಲೆದ್ದಿತು.

ಲ್ಯಾರಿ ಮೊಬೈಲಿನ ಬೆಳಕು ಬಿಟ್ಟ. ಚರಂಡಿಯಲ್ಲಿ ಎಲೆ. ಬೇರೆ ಎಂತದೂ ಇಲ್ಲ.

ಲ್ಯಾರಿ ಕುಂಬಳೆಯವನು. ಮುಳ್ಳೇರಿಯದಲ್ಲಿ ಗ್ಯಾರೇಜು ಹಾಕಿ ಹೆಚ್ಚು ಕಾಲವಾಗಿರಲಿಲ್ಲ. ಹಳೆ ಬೈಕಿಗೆ ಅವನ ಕೈ ಆಗಬೇಕು ಎಂದು ಯಾರೋ ಹೇಳಿ ಎಲ್ರೊಯ್ ಹುಡುಕಿಕೊಂಡು ಬಂದದ್ದು. ಎಲ್ರೊಯ್ ಎಂದರೆ ತೀರಿಹೋದ ಆಗಸ್ಟಿನ್ ಅವರ ಮಗ. ಅಪ್ಪನ ಜಾವಾ ಹಿತ್ತಿಲ ಕೊಟ್ಟಿಗೆಯಲ್ಲಿ ಸಿಕ್ಕಿತ್ತು. ಬೈಕಾಗಿ ಅಲ್ಲ, ತುಂಡು ತುಂಡಾಗಿ, ಗೋಣಿಚೀಲಗಳಲ್ಲಿ. ಎಂದೋ ಬಿಚ್ಚಿ ಹಾಕಿದವರು ಮತ್ತೆ ಜೋಡಿಸಲೇ ಇಲ್ಲ. ಯಾಕೆಂದು ಮಗನಿಗೆ ಗೊತ್ತಿಲ್ಲ.

"ಕಂಪೆನಿಯಿಂದ ಬಂದ ಹಾಗೇ ಆಗಬೇಕು ಲ್ಯಾರಿಯಣ್ಣ. ಭಾನುವಾರ ಮಂಗಳೂರಿನಲ್ಲಿ ಹಳೆ ಗಾಡಿಗಳ ರ‍್ಯಾಲಿ ಉಂಟು. ಶಾರನ್‌ಳನ್ನು ಹಿಂದೆ ಕೂರಿಸಿಕೊಂಡು ಹೋಗುವುದು."

ಶಾರನ್ ಅವನ ಮಗಳು. ಹತ್ತನೇ ಕ್ಲಾಸು.

ಎಲ್ಲ ಜೋಡಿಸಿ ಆಯಿತು. ಒಂದು ತುಂಡು ಉಳಿಯಿತು. ಗೇಣುದ್ದದ ಕಬ್ಬಿಣದ ಪಟ್ಟಿ. ಒಂದು ತುದಿಯಲ್ಲಿ ಬೋಲ್ಟಿಗೆ ಎರಡು ತೂತು. ಇನ್ನೊಂದು ತುದಿ ಮೇಲಕ್ಕೆ ಬಗ್ಗಿ, ಅಂಗೈಯಷ್ಟು ಅಗಲಕ್ಕೆ ಚಪ್ಪಟೆ. ಆ ಚಪ್ಪಟೆಯ ಮೇಲೆ ಗೆದ್ದಲು ತಿಂದು ಉಳಿದ ಮರದ ಪುಡಿ. ಕಂಪೆನಿಯದ್ದಲ್ಲ. ಕಮ್ಮಾರನ ಸುತ್ತಿಗೆಯ ಪೆಟ್ಟು ಎದ್ದು ಕಾಣುತ್ತಿತ್ತು. ಲ್ಯಾರಿ ಅದನ್ನು ಇಟ್ಟು ನೋಡದ ಜಾಗವಿಲ್ಲ. ಎಲ್ಲಿಯೂ ಕೂರಲಿಲ್ಲ.

"ಬಿಸಾಡಿ ಮಾರಾಯ್ರೆ," ಎಂದಿದ್ದ ಪೈಂಟರ್ ಯೋಗೀಶ್. "ಒಳ್ಳೆ ಮೆಕ್ಯಾನಿಕ್ ಜೋಡಿಸಿದರೆ ಒಂದೆರಡು ಸಾಮಾನು ಉಳಿಯಲೇಬೇಕು."

"ನಿನ್ನಂಥ ಪೈಂಟರ್ ಬಳಿದರೆ?"

"ಪೈಂಟೇ ಉಳಿಯುವುದಿಲ್ಲ."

ಆ ರಾತ್ರಿ ಕಳೆದು ಬೆಳಿಗ್ಗೆ ಲ್ಯಾರಿ ಎಡಗಡೆಯ ಸೈಲೆನ್ಸರ್ ಒರೆಸಿ ನೋಡಿದ. ಹೊಸ ಕ್ರೋಮಿನ ಮೇಲೆ ಮಂಕಾದ ಒಂದು ಗುರುತು. ಒರೆಸಿದರೂ ಹೋಗಲಿಲ್ಲ. ಕ್ಲ್ಯಾಂಪು ಬಿಗಿ ಮಾಡಿದ. ಚೈನು ನೋಡಿದ. ಚಕ್ರಗಳಿಗೆ ದಾರ ಹಿಡಿದು ಸಾಲು ನೋಡಿದ. ಕೂದಲೆಳೆಯಷ್ಟು ತಪ್ಪಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದ.

ಮರುರಾತ್ರಿ ಮತ್ತೆ ಹೊರಟ. ಬೈಕಿನ ಕಾಗದಪತ್ರ ಶನಿವಾರವೇ ಕೈಗೆ ಬರುವುದು, ಅಲ್ಲಿಯವರೆಗೆ ರಸ್ತೆ ಖಾಲಿಯಾದ ಮೇಲೆಯೇ ಓಡಿಸಬೇಕು. ಪೊಟ್ ಪೊಟ್ ಪೊಟ್... ಇಂಜಿನ್ ಚೆನ್ನಾಗಿ ಓಡಿತು. ಬಾವಿ ಬಂತು. ಸ್ಪ್ರಿಂಗು ಕೀರ್ ಎಂದಿತು. ಕೂತಿತು. ಕೂಡಲೇ ಶುರು. ಟಣ್... ಟಣ್... ಟಣ್... ತಿರುವಿನಲ್ಲಿ ಬೈಕನ್ನು ಯಾರೋ ಎಡಕ್ಕೆ ಎಳೆದರು. ಜಾರುವವರು ಸಿಕ್ಕಿದ್ದನ್ನು ಹಿಡಿದು ಎಳೆಯುವ ಹಾಗೆ. ಲ್ಯಾರಿ ಬೈಕಿನೊಂದಿಗೆ ಚರಂಡಿಗೆ ಹೋದ.

ಮೊಣಕೈ ಸುಲಿದಿತ್ತು. ಏಳದೆ ಹಾಗೇ ಬಿದ್ದುಕೊಂಡಿದ್ದ. ಪಕ್ಕದಲ್ಲಿ ಕತ್ತಲೆಯೊಳಗೆ ಒಂದು ಉಸಿರು. ಉಶ್ಶ್... ಹೊರೆ ಇಳಿಸಿ ಕೂತವರು ಬಿಡುವಂಥದ್ದು.

ಹೆದರಲೂ ಮೈಯಲ್ಲಿ ತ್ರಾಣ ಬೇಕು. ಲ್ಯಾರಿಗೆ ಅದಿರಲಿಲ್ಲ. ಅವನಿಗೆ ಒಂದೇ ಯೋಚನೆ. ಭಾನುವಾರ ಅದೇ ಸೀಟಿನಲ್ಲಿ ಆ ಹುಡುಗಿ ಕೂರುತ್ತಾಳೆ.

ಶನಿವಾರ ಎಲ್ರೊಯ್ ಬಂದ.

"ಬೈಕ್ ಕೊಡುವುದಿಲ್ಲ," ಎಂದ ಲ್ಯಾರಿ.

"ಎಂತ ತಮಾಷೆಯಾ? ನಾಳೆ ರ‍್ಯಾಲಿ!"

"ಹಿಂದೆ ಕೂತವರು ಬೀಳ್ತಾರೆ."

"ಯಾರು ಬಿದ್ದದ್ದು?"

ಲ್ಯಾರಿ ಉಳಿದಿದ್ದ ಪಟ್ಟಿಯನ್ನು ಕೈಗೆತ್ತಿಕೊಂಡ. ಅಲ್ಲೇ ಇದ್ದ ಯೋಗೀಶನ ಕಡೆ ತಿರುಗಿದ. "ಚೇಸಿಸ್ ನನ್ನ ಕೈಗೆ ಬರುವ ಮೊದಲು ನಿನ್ನಲ್ಲಿತ್ತಲ್ಲ. ಅದರಲ್ಲಿ ಹೆಚ್ಚಿಗೆ ತೂತು ಇತ್ತಾ?"

"ಇತ್ತು ಎರಡು. ಎಡಗಡೆ, ಹಿಂದೆ. ಯಾರೋ ಕೊರೆದದ್ದು. ಕಂಪೆನಿ ಹಾಗೆ ಬೇಕೆಂದರಲ್ಲ ಇವರು? ವೆಲ್ಡ್ ಮಾಡಿ ಉಜ್ಜಿ ಪೈಂಟ್ ಹೊಡೆದೆ. ಹುಡುಕಿದರೂ ಸಿಗಲಿಕ್ಕಿಲ್ಲ ನಿಮಗೆ." ಅವನಿಗೆ ಅದೊಂದು ಹೆಮ್ಮೆ.

ಯೋಗೀಶ್ ತೋರಿಸಿದ ಜಾಗಕ್ಕೆ ಲ್ಯಾರಿ ಪಟ್ಟಿಯನ್ನು ಹಿಡಿದ. ಕೂತಿತು. ಆದರೆ ಎಂತಕ್ಕೆ? ಹಿಂದೆ ಕೂತವರು ಕಾಲಿಡುವ ಮೆಟ್ಟು ಕೆಳಗೆ ಉಂಟಲ್ಲ. ಇದು ಅದಕ್ಕಿಂತ ನಾಲ್ಕು ಬೆರಳು ಮೇಲೆ ಬರುತ್ತದೆ.

ಪಟ್ಟಿ ಹಿಡಿದುಕೊಂಡು ನೇರ ಎಲ್ರೊಯ್‌ನ ಮನೆಗೆ ಹೋದ. ಎಲ್ರೊಯ್ ಗೊಣಗುತ್ತಾ ಹಿಂದೆಯೇ ಬಂದ. ಜಗಲಿಯಲ್ಲಿ ಅವನ ತಾಯಿ ಕೂತಿದ್ದರು.

"ಕಾರ್ಮಿನ್ ಬಾಯಿ, ಇದು ಎಂತದು?"

ಅವರು ಕೈಯಲ್ಲಿ ಹಿಡಿದು ತಿರುಗಿಸಿದರು. ಚಪ್ಪಟೆ ತುದಿಯನ್ನು ಬೆರಳಿನಿಂದ ಸವರಿದರು. ಮತ್ತೆ ಸ್ವರ ತಗ್ಗಿಸಿ ಹೇಳಿದರು.

"ಇದು ಅಪ್ಪಿಯ ಮೆಟ್ಟು."

"ಯಾವ ಅಪ್ಪಿ?"

"ಹೆರಿಗೆ ಮಾಡಿಸುವವಳು. ಈ ಕಡೆಗೆಲ್ಲ ಅವಳೇ ಆಗ. ಚಿಕ್ಕಂದಿನಲ್ಲಿ ಗೇರುಮರದಿಂದ ಬಿದ್ದು ಒಂದು ಕಾಲು ಗಿಡ್ಡ. ಬೈಕಿನ ಮೆಟ್ಟು ಎಟುಕುತ್ತಿರಲಿಲ್ಲ. ಕಾಲು ನೇತಾಡಿ, ಕಾಲಿನ ಕಡಗ ಸೈಲೆನ್ಸರಿಗೆ ಬಡಿಯುತ್ತಿತ್ತು, ಒಮ್ಮೆ ಜಾರಿ ಬಿದ್ದಳು. ಆಮೇಲೆ ಇವರು ಕಮ್ಮಾರನಲ್ಲಿ ಇದನ್ನು ಮಾಡಿಸಿದ್ದು."

"ಪಪ್ಪ ಅವಳನ್ನು ಕರೆದುಕೊಂಡು ಹೋಗುತ್ತಿದ್ದರಾ?" ಎಂದ ಎಲ್ರೊಯ್.

"ಬೇರೆ ಯಾರಲ್ಲಿ ಗಾಡಿ ಇತ್ತು? ಹೆರಿಗೆ ಮುಗಿಸಿ ಕಾಲುದಾರಿಯಲ್ಲಿ ಇಳಿದು ಬಂದು ಬಾವಿಕಟ್ಟೆಯಲ್ಲಿ ಕೂರುತ್ತಿದ್ದಳು. ಯಾರಾದರೂ ಬಂದು ಹೇಳಿದರೆ ಇವರು ಹೋಗುವುದು, ಮನೆಗೆ ಬಿಡುವುದು. ಒಂದು ಸಲ... ಬೈಕ್ ರಿಪೇರಿಗೆಂದು ಬಿಚ್ಚಿ ಹಾಕಿದ್ದರು. ನಡೆದೇ ಹೋದರು. ತಲುಪುವಾಗ ಅವಳು ಕೂತೇ ಇದ್ದಳಂತೆ. ಮಡಿಲಲ್ಲಿ ಚೀಲ. ಮೈ ತಣ್ಣಗೆ."

ಕಾರ್ಮಿನ್ ಬಾಯಿ ಪಟ್ಟಿಯನ್ನು ಲ್ಯಾರಿಯ ಕೈಗೆ ಕೊಟ್ಟರು.

"ರೋಗ ಎಂತದೂ ಇರಲಿಲ್ಲ ಅವಳಿಗೆ. ಎರಡು ರಾತ್ರಿ ನಿದ್ದೆ ಇರಲಿಲ್ಲ, ಅಷ್ಟೇ. ಮತ್ತೆ ಇವರು ಬೈಕ್ ಜೋಡಿಸಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ ಮಮ್ಮಿ?"

"ನೀನು ಕೇಳಿದ್ದೆಯಾ? ಗೋಣಿ ಹೊತ್ತುಕೊಂಡು ಹೋದೆ. ನಿನ್ನನ್ನು ಮೊದಲು ಎತ್ತಿದ ಕೈ ಅವಳದ್ದು, ತಿಳಿದುಕೋ. ಇದರ ಮೇಲೆ ಕಾಲಿಟ್ಟೇ ಬಂದದ್ದು ಅವತ್ತು."

ಎಲ್ರೊಯ್ ಪಟ್ಟಿಯನ್ನು ನೋಡಿದ. "ಈಗ ತೂತು ಕೊರೆದರೆ ಪೈಂಟ್ ಹೋಗ್ತದೆ," ಎಂದ. ಸ್ವರದಲ್ಲಿ ಬಲವಿರಲಿಲ್ಲ. ಲ್ಯಾರಿ ಎದ್ದು ಹೊರಟ. ಅಂಗಳ ದಾಟುವಾಗ ಹಿಂದಿನಿಂದ ಕೇಳಿಸಿತು. "ಲ್ಯಾರಿಯಣ್ಣ, ನಿಲ್ಲಿ. ಟಾರ್ಚು ನಾನು ಹಿಡಿಯುತ್ತೇನೆ."

ಗುರ್ರ್ ಎಂದು ಡ್ರಿಲ್ ಹೊಸ ಪೈಂಟಿನೊಳಗೆ ಇಳಿಯಿತು. ಟಾರ್ಚು ಹಿಡಿದ ಕೈ ಅಲುಗಲಿಲ್ಲ. ಲ್ಯಾರಿ ಪಟ್ಟಿಯನ್ನು ಬಿಗಿದ. ಗೆದ್ದಲು ತಿಂದ ಮರದ ಬದಲು ಹಲಸಿನ ಹೊಸ ಹಲಗೆಯೊಂದನ್ನು ಅಳತೆಗೆ ಕೊಯ್ದು, ಕೀಸುಳಿ ಹೊಡೆದು, ಚಪ್ಪಟೆಯ ಮೇಲೆ ಸ್ಕ್ರೂ ಹಾಕಿ ಕೂರಿಸಿದ.

"ನಾನೂ ಬರಲಾ?" ಎಂದು ಕೇಳಿದ ಎಲ್ರೊಯ್.

"ಹಿಂದಿನ ಸೀಟು ಖಾಲಿ ಬೇಕು."

ಅದೇ ರಾತ್ರಿ ಬಾವಿಯ ಹತ್ತಿರ ಲ್ಯಾರಿ ಬೈಕ್ ನಿಲ್ಲಿಸಿದ. ಇಂಜಿನ್ ಬಂದ್ ಮಾಡಲಿಲ್ಲ. ಕಾಲು ನೆಲಕ್ಕೆ ಊರಿದ. ಹಿಂದೆ ತಿರುಗಿ ನೋಡಲಿಲ್ಲ.

"ಕೂತುಕೊಳ್ಳಿ ಅಪ್ಪಿಯಕ್ಕ," ಎಂದ ಮೆಲ್ಲಗೆ.

ಪೊಟ್... ಪೊಟ್... ಪೊಟ್... ಏನೂ ಆಗಲಿಲ್ಲ. ಮತ್ತೆ ಬಟ್ಟೆ ಉಜ್ಜಿದ ಶಬ್ದ. ಸ್ಪ್ರಿಂಗು ಕೀರ್ ಎಂದಿತು. ಹಲಗೆ ಒಮ್ಮೆ ಟಕ್ ಎಂದಿತು. ಅಷ್ಟೇ.

ನಿಧಾನವಾಗಿ ಬಿಟ್ಟ. ಟಣ್ ಇಲ್ಲ. ತಿರುವು ಬಂತು. ಬೈಕ್ ಗೆರೆ ಎಳೆದ ಹಾಗೆ ಹೋಯಿತು. ಸಂಕ ದಾಟಿ ಎಡಕ್ಕೆ ಅವಳ ಮನೆ ಇತ್ತೆಂದು ಕಾರ್ಮಿನ್ ಬಾಯಿ ಹೇಳಿದ್ದರು. ಈಗ ಮನೆ ಇಲ್ಲ. ರಬ್ಬರು ತೋಟ ಹಾಕಿದ್ದಾರೆ. ಅಲ್ಲಿ ನಿಲ್ಲಿಸಿದ.

ಭಾರ ಇಳಿಯಲಿಲ್ಲ.

ಲ್ಯಾರಿ ಕಾದ. ಅವನಿಗೆ ಅವಸರವಿರಲಿಲ್ಲ. ದಣಿದವರು ಏಳಲು ಹೊತ್ತು ತೆಗೆದುಕೊಳ್ಳುತ್ತಾರೆ. ಅದು ಅವನಿಗೆ ಗೊತ್ತು. ಅವನ ಕಣ್ಣೂ ಎಳೆಯುತ್ತಿತ್ತು. ತುಂಬ ಹೊತ್ತಿನ ಮೇಲೆ ಸ್ಪ್ರಿಂಗು ಮೇಲಕ್ಕೆ ಬಂತು. ರಬ್ಬರಿನ ಒಣ ಎಲೆಗಳ ಮೇಲೆ ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಚರ್... ಚ. ಚರ್... ಚ. ದೂರವಾಯಿತು.

ಭಾನುವಾರ ಶಾರನ್ ಹಿಂದೆ ಕೂತು ಮಂಗಳೂರಿಗೆ ಹೋಗಿ ಬಂದಳು. ಒಂದು ಗೀರೂ ಆಗಲಿಲ್ಲ. ಬಹುಮಾನ ಸಿಗಲಿಲ್ಲ, ಆ ಪಟ್ಟಿ ಕಂಪೆನಿಯದ್ದಲ್ಲ ಎಂದು. ಎಲ್ರೊಯ್ ಅದನ್ನು ತೆಗೆಸಲೂ ಇಲ್ಲ.

ಅವರು ಹೊರಡುವ ಮೊದಲು, ಬೆಳಿಗ್ಗೆ, ಲ್ಯಾರಿ ಬೈಕ್ ಒರೆಸಿದ್ದ. ಹಲಗೆಯ ಹತ್ತಿರ ಬಂದಾಗ ಬಟ್ಟೆ ನಿಂತಿತು. ಹಿಂದಿನ ರಾತ್ರಿ ಕೀಸುಳಿ ಹೊಡೆದು ಸಮ ಮಾಡಿದ ಹಲಸಿನ ಹಲಗೆ. ನಡುವೆ ಒಂದು ಗುಳಿ. ಹಿಮ್ಮಡಿಯ ಆಕಾರ. ಕೆತ್ತಿದ್ದಲ್ಲ. ಹಳೆ ಮನೆಯ ಹೊಸ್ತಿಲು ತುಳಿದು ತುಳಿದು ಸವೆಯುತ್ತದಲ್ಲ, ಹಾಗೆ ಸವೆದದ್ದು. ಬೆರಳಿಟ್ಟರೆ ಎಣ್ಣೆ ಹಚ್ಚಿದಂತೆ ನುಣ್ಣಗೆ.

ಹಲಸು ಒಂದು ರಾತ್ರಿಯಲ್ಲಿ ಸವೆಯುವ ಮರವಲ್ಲ. ಸವೆದಿತ್ತು. ನಂಬದವರು ಹೋಗಿ ಮುಟ್ಟಿ ನೋಡಬಹುದು.